ಸರಾಸರಿಯ ಜೊತೆಗೆ ರೇಖೆಯನ್ನೂ ಕೇಳಿ ಪಡೆಯಿರಿ: ದಾವಣಗೆರೆಯಿಂದ ಪಾಲಿಮರ್ ಮಾದರಿ ಕಳುಹಿಸಿ ಪರೀಕ್ಷೆ ಮಾಡಿಸಿದ ಅನುಭವ

ಕಳೆದ ಹತ್ತು ತಿಂಗಳಲ್ಲಿ ನಾನು ದಾವಣಗೆರೆಯಿಂದ ಮೂರು ಸಲ, ಒಟ್ಟು ಏಳು ಪಾಲಿಮರ್ ಮಾದರಿಗಳನ್ನು ಬೆಂಗಳೂರಿನ ಒಂದು ಖಾಸಗಿ ಪರೀಕ್ಷಾಲಯಕ್ಕೆ ಕಳುಹಿಸಿ, ಅವುಗಳ ಅಣುತೂಕ, ರಚನೆ ಮತ್ತು ಉಷ್ಣ ಗುಣಗಳನ್ನು ಅಳತೆ ಮಾಡಿಸಿಕೊಂಡಿದ್ದೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಯ ಕಾಲೇಜುಗಳಲ್ಲಿ ರಸಾಯನವಿಜ್ಞಾನ ಕಲಿಸುತ್ತಲೇ ಸಂಶೋಧನೆಯನ್ನೂ ಎಳೆದುಕೊಂಡು ಹೋಗುತ್ತಿರುವ ನನ್ನಂಥವರು ಹಲವರಿದ್ದಾರೆ. ಮಾದರಿ ತಯಾರಿಸುವಷ್ಟು ಸಲಕರಣೆ ನಮ್ಮಲ್ಲಿರುತ್ತದೆ, ಅದನ್ನು ಅಳೆಯುವ ದೊಡ್ಡ ಯಂತ್ರಗಳು ಇರುವುದಿಲ್ಲ. ಹೀಗಾಗಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಸೇವೆಯನ್ನು ನಾವು ನೆಚ್ಚಲೇಬೇಕಾಗುತ್ತದೆ. ಆ ಸೇವೆ ನನಗೆ ಹೇಗೆ ಒದಗಿತು, ಎಲ್ಲಿ ತೊಡಕಾಯಿತು, ತೊಡಕನ್ನು ಅವರು ಹೇಗೆ ಸರಿಪಡಿಸಿದರು ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಪರೀಕ್ಷಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನನಗಾದ ತೊಡಕು ಇಂಥ ಯಾವ ಕಡೆಯಲ್ಲಾದರೂ ಆಗಬಹುದಾದದ್ದು, ಮತ್ತು ಅದನ್ನು ತಡೆಯುವ ಉಪಾಯದಲ್ಲಿ ಅರ್ಧ ಭಾಗ ಮಾದರಿ ಕಳುಹಿಸುವವರ ಕೈಯಲ್ಲೇ ಇದೆ.

ನಾನು ಕಳುಹಿಸಿದ್ದು ಏನನ್ನು ಎಂದು ಮೊದಲು ಹೇಳಬೇಕು. ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವದ ಅಣುಗಳನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಸಿಗುವ ಪಾಲಿಮರ್‌ಗೆ ಪಿಎಂಎಂಎ ಎನ್ನುತ್ತಾರೆ. ಅಂಗಡಿಯಲ್ಲಿ ಅಕ್ರಿಲಿಕ್ ಶೀಟ್ ಎಂದು ಕೇಳಿ ತರುವ ಪಾರದರ್ಶಕ ಹಾಳೆ ಅದರದ್ದೇ. ಸಾಮಾನ್ಯ ರ‍್ಯಾಡಿಕಲ್ ವಿಧಾನದಲ್ಲಿ (ರ‍್ಯಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ, ಬಲು ಬೇಗ ಪ್ರತಿಕ್ರಿಯಿಸುವ ತುಣುಕು) ಸರಪಣಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೆಳೆಯುತ್ತವೆ. ಒಂದು ಸರಪಣಿ ಹುಟ್ಟಿ, ಕೆಲವೇ ಕ್ಷಣಗಳಲ್ಲಿ ನೂರಾರು ಸಾವಿರಾರು ಘಟಕಗಳಷ್ಟು ಉದ್ದವಾಗಿ ಸತ್ತುಹೋದ ಮೇಲೆ ಇನ್ನೊಂದು ಹುಟ್ಟುತ್ತಿರುತ್ತದೆ. ಕೊನೆಗೆ ಉಳಿಯುವುದು ಉದ್ದ ಗಿಡ್ಡಗಳ ಕಲಬೆರಕೆ. ನಿಯಂತ್ರಿತ ಸಂಶ್ಲೇಷಣೆಯ ಗುರಿಯೆಂದರೆ, ಎಲ್ಲ ಸರಪಣಿಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿ, ಜೊತೆಜೊತೆಗೆ ಬೆಳೆದು, ನಾವು ಬಯಸಿದ ಉದ್ದಕ್ಕೆ ಬಂದು ನಿಲ್ಲುವಂತೆ ಮಾಡುವುದು. 1956ರಲ್ಲಿ ಮೈಕೆಲ್ ಶ್ವಾರ್ಜ್ ಇದನ್ನು ಸ್ಟೈರೀನ್ ಎಂಬ ಇನ್ನೊಂದು ದ್ರವದ ಮೇಲೆ ಮಾಡಿ ತೋರಿಸಿದರು. ಸೋಡಿಯಂ ನ್ಯಾಫ್ಥಲೀನಿನ ಹಸಿರು ದ್ರಾವಣಕ್ಕೆ ಸ್ಟೈರೀನ್ ಬಿದ್ದೊಡನೆ ಅದು ಕೆಂಪಾಯಿತು, ಸ್ಟೈರೀನ್ ಮುಗಿದ ಮೇಲೂ ಆ ಕೆಂಪು ಉಳಿಯಿತು, ಮತ್ತಷ್ಟು ಸ್ಟೈರೀನ್ ಹಾಕಿದಾಗ ಅವೇ ಸರಪಣಿಗಳು ಮುಂದುವರಿದು ಬೆಳೆದವು. ಅಂಥ ಸರಪಣಿಗಳನ್ನು ‘ಜೀವಂತ’ ಎಂದು ಕರೆಯುವ ರೂಢಿ ಅಲ್ಲಿಂದ ಬಂದದ್ದು. ಆದರೆ ಆ ವಿಧಾನದಲ್ಲಿ ನೀರಿನ ಪಸೆಯಾಗಲಿ ಗಾಳಿಯಾಗಲಿ ಸ್ವಲ್ಪವೂ ಸುಳಿಯಬಾರದು. ನಮ್ಮ ಕಾಲೇಜಿನಂಥ ಪ್ರಯೋಗಾಲಯದಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಾಗುವುದಿಲ್ಲ. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ರಾಫ್ಟ್ ವಿಧಾನ ನಮ್ಮಂಥವರ ಪಾಲಿಗೆ ದೊಡ್ಡ ಉಪಕಾರ. ಸಾಮಾನ್ಯ ರ‍್ಯಾಡಿಕಲ್ ಕ್ರಿಯೆಗೆ ಗಂಧಕವಿರುವ ಒಂದು ವರ್ಗಾವಣೆ ಕಾರಕವನ್ನು ಲೆಕ್ಕ ಹಾಕಿ ಸೇರಿಸಿದರೆ ಸಾಕು. ಬೆಳೆಯುವ ತುದಿ ಒಂದು ಸರಪಣಿಯಿಂದ ಇನ್ನೊಂದಕ್ಕೆ ಸರತಿಯಂತೆ ಹೋಗುತ್ತಾ, ಎಲ್ಲವಕ್ಕೂ ಬೆಳೆಯುವ ಅವಕಾಶ ಸಮನಾಗಿ ಸಿಗುತ್ತದೆ.

ನನ್ನ ಮೊದಲ ಮಾದರಿಯಲ್ಲಿ ನೂರು ಮೊನೊಮರ್ (ಸರಪಣಿಗೆ ಪೋಣಿಸುವ ಬಿಡಿ) ಅಣುವಿಗೆ ಒಂದು ವರ್ಗಾವಣೆ ಕಾರಕದಂತೆ ಸಯನೋಪ್ರೊಪೈಲ್ ಡೈಥಯೋಬೆಂಜೊಯೇಟ್ ಹಾಕಿ, ಅದರ ಐದನೇ ಒಂದು ಪಾಲಿನಷ್ಟು ಎಐಬಿಎನ್ ಎಂಬ ಪ್ರಾರಂಭಕವನ್ನು ಸೇರಿಸಿ, ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ, 70 ಡಿಗ್ರಿಯ ಎಣ್ಣೆ ಪಾತ್ರೆಯಲ್ಲಿ ಇಟ್ಟಿದ್ದೆ. ಡೈಥಯೋಬೆಂಜೊಯೇಟಿನ ಬಣ್ಣ ಗಾಢ ಕೆಂಪು. ಕ್ರಿಯೆ ಮುಗಿದ ದ್ರಾವಣವನ್ನು ತಣ್ಣನೆಯ ಮೆಥನಾಲಿಗೆ ಹನಿಹನಿಯಾಗಿ ಬಿಟ್ಟಾಗ, ಪ್ರತಿ ಹನಿಯೂ ಬಿದ್ದಲ್ಲೇ ಹೆಪ್ಪುಗಟ್ಟಿ ತೆಳುಗುಲಾಬಿ ಬಣ್ಣದ ಹತ್ತಿಯ ತುಣುಕಿನಂತೆ ಕೆಳಗಿಳಿಯುತ್ತದೆ. ಸೋಸಿ ಎರಡು ಸಲ ತೊಳೆದರೂ ಆ ಗುಲಾಬಿ ಹೋಗುವುದಿಲ್ಲ. ಆ ಬಣ್ಣವೇ ಮೊದಲ ಸಾಕ್ಷಿ. ಕಾರಕವು ಬೇರೆಯಾಗಿ ಉಳಿದಿದ್ದರೆ ಮೆಥನಾಲಿನಲ್ಲಿ ತೊಳೆದುಹೋಗಬೇಕಿತ್ತು. ಬಣ್ಣ ಪುಡಿಯಲ್ಲೇ ನಿಂತಿದೆ ಎಂದರೆ ಅದು ಸರಪಣಿಯ ತುದಿಗೆ ಅಂಟಿಕೊಂಡಿದೆ. ಒಣಗಿಸಿ ತೂಕ ನೋಡಿದಾಗ ಮೊನೊಮರಿನ ನೂರಕ್ಕೆ 78 ಭಾಗ ಪಾಲಿಮರ್ ಆಗಿತ್ತು. ಮೊನೊಮರಿನ ಅಣುತೂಕ 100.12, ಕಾರಕದ್ದು ಸುಮಾರು 221. ಆದ್ದರಿಂದ ಲೆಕ್ಕದ ಪ್ರಕಾರ ಸರಪಣಿಯ ಸರಾಸರಿ ತೂಕ 8,030ರ ಆಸುಪಾಸು ಬರಬೇಕು. ಎರಡನೇ ಮಾದರಿ ಸ್ಟೈರೀನಿನದು. ಟ್ರೈಥಯೋಕಾರ್ಬೊನೇಟ್ ಕಾರಕ ಹಾಕಿ 110 ಡಿಗ್ರಿಯಲ್ಲಿ ಮಾಡಿದ್ದು. ಆ ತಾಪದಲ್ಲಿ ಸ್ಟೈರೀನ್ ತಾನೇ ರ‍್ಯಾಡಿಕಲ್ ಹುಟ್ಟಿಸಿಕೊಳ್ಳುವುದರಿಂದ ಬೇರೆ ಪ್ರಾರಂಭಕ ಬೇಕಾಗುವುದಿಲ್ಲ. ಪುಡಿ ತಿಳಿಹಳದಿ.

ಮಾದರಿ ತಲುಪಿಸುವ ವ್ಯವಸ್ಥೆಯ ಬಗ್ಗೆ ನನಗೆ ಒಳ್ಳೆಯ ಮಾತೇ ಇದೆ. ಪರೀಕ್ಷಾಲಯದ ಹುಡುಗ ವಾರಕ್ಕೊಮ್ಮೆ, ಗುರುವಾರ, ದಾವಣಗೆರೆಗೆ ಬರುತ್ತಾನೆ. ಅವನ ಪೆಟ್ಟಿಗೆಯಲ್ಲಿ ಹೆಚ್ಚಿನವು ಬೋರ್‌ವೆಲ್ ನೀರಿನ ಬಾಟಲಿಗಳು, ಮಣ್ಣಿನ ಪೊಟ್ಟಣಗಳು, ಗೊಬ್ಬರದ ಮಾದರಿಗಳು. ನನ್ನ ಎರಡು ಪುಟ್ಟ ಗಾಜಿನ ಸೀಸೆಗಳು ಅವುಗಳ ನಡುವೆ ಕಳೆದುಹೋಗುತ್ತವೇನೋ ಎಂದು ಮೊದಲ ಸಲ ಅಳುಕಿದ್ದೆ. ಅವನು ನನ್ನೆದುರಿಗೇ ಸೀಸೆಯ ಮೇಲಿನ ಗುರುತನ್ನು ಫಾರ್ಮಿನ ಗುರುತಿನೊಡನೆ ತಾಳೆ ನೋಡಿ, ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಸುತ್ತಿದೆಯೇ ಎಂದು ಮುಟ್ಟಿ ನೋಡಿ, “ಮೇಡಂ, ಇದು ಬಿಸಿಲಿಗೆ ಆಗಬರಲ್ವಾ?” ಎಂದು ಕೇಳಿದ. ಡೈಥಯೋಬೆಂಜೊಯೇಟ್ ತುದಿಗೆ ಬೆಳಕೂ ಬಿಸಿಯೂ ಒಳ್ಳೆಯದಲ್ಲ ಎಂದು ಹೇಳಿದ ಮೇಲೆ ಸೀಸೆಯನ್ನು ಕಾಗದದಲ್ಲಿ ಸುತ್ತಿ ನೀರಿನ ಬಾಟಲಿಗಳ ನಡುವಿನ ತಂಪು ಪೆಟ್ಟಿಗೆಯಲ್ಲಿಟ್ಟುಕೊಂಡ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲನ್ನು ಬಲ್ಲವರಿಗೆ ಆ ಒಂದು ಪ್ರಶ್ನೆಯ ಬೆಲೆ ತಿಳಿಯುತ್ತದೆ. ಏಳು ಮಾದರಿಗಳಲ್ಲಿ ಒಂದೂ ಅದಲುಬದಲಾಗಲಿಲ್ಲ, ಒಂದೂ ಒಡೆಯಲಿಲ್ಲ.

ತೊಡಕು ಬಂದದ್ದು ವರದಿಯಲ್ಲಿ. ಹನ್ನೊಂದನೇ ದಿನ ಇಮೇಲ್‌ಗೆ ಬಂದ ಜಿಪಿಸಿ (ಸರಪಣಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಣುತೂಕ ಅಂದಾಜು ಮಾಡುವ ವಿಧಾನ) ವರದಿ ಒಂದೇ ಪುಟದ್ದು. ಪಿಎಂಎಂಎ ಮಾದರಿಗೆ ಸಂಖ್ಯಾ ಸರಾಸರಿ ಅಣುತೂಕ 8,230, ತೂಕ ಸರಾಸರಿ ಅಣುತೂಕ 8,970, ಡಿಸ್ಪರ್ಸಿಟಿ 1.09 ಎಂದಿತ್ತು, ಸ್ಟೈರೀನ್ ಮಾದರಿಗೂ ಅಂಥದ್ದೇ ಮೂರು ಅಂಕಿಗಳು, ಕೆಳಗೆ ಒಂದು ಮೊಹರು, ಒಂದು ಸಹಿ. ಸಂಖ್ಯಾ ಸರಾಸರಿ ಎಲ್ಲ ಸರಪಣಿಗಳನ್ನೂ ಸಮನಾಗಿ ಎಣಿಸುತ್ತದೆ, ತೂಕ ಸರಾಸರಿ ಭಾರದವಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಡಿಸ್ಪರ್ಸಿಟಿ ಎಂದರೆ ತೂಕ ಸರಾಸರಿಯನ್ನು ಸಂಖ್ಯಾ ಸರಾಸರಿಯಿಂದ ಭಾಗಿಸಿದ ಅಂಕಿ. ಎಲ್ಲ ಸರಪಣಿಗಳೂ ಒಂದೇ ಉದ್ದವಿದ್ದರೆ ಅದು ನಿಖರವಾಗಿ 1, ಉದ್ದಗಳು ಹರಡಿಕೊಂಡಷ್ಟೂ ಮೇಲೇರುತ್ತದೆ. ಲೆಕ್ಕದ 8,030ಕ್ಕೆ ಅಳತೆಯ 8,230 ಇಷ್ಟು ಹತ್ತಿರ ಬಂದು, ಹರವು 1.09ರಷ್ಟು ಕಿರಿದಾಗಿ ಬಂದಾಗ ಯಾರಿಗಾದರೂ ಸಂತೋಷವಾಗುತ್ತದೆ. ನನಗೂ ಆಯಿತು. ಆ ಸಂಜೆಯೇ ಅಂಕಿಗಳನ್ನು ಪ್ರಬಂಧದ ಕೋಷ್ಟಕದಲ್ಲಿ ಬರೆದುಬಿಟ್ಟಿದ್ದೆ.

ಮರುದಿನ, ಅಣುವಿನಲ್ಲಿರುವ ಹೈಡ್ರೋಜನ್‌ಗಳನ್ನು ಗುರುತಿಸಿ ಎಣಿಸಲು ನೆರವಾಗುವ ಎನ್‌ಎಂಆರ್ ವರದಿ ಬಂತು. ಪಿಎಂಎಂಎಯ ಪ್ರತಿ ಘಟಕದಲ್ಲೂ ಇರುವ ಮೆಥಾಕ್ಸಿ ಗುಂಪಿನ ಮೂರು ಹೈಡ್ರೋಜನ್‌ಗಳು ನಕ್ಷೆಯ ಅಳತೆಗೋಲಿನಲ್ಲಿ 3.6 ಪಿಪಿಎಂ ಬಳಿ ಕಾಣುತ್ತವೆ. ತುದಿಯ ಡೈಥಯೋಬೆಂಜೊಯೇಟಿನ ಬೆಂಜೀನ್ ಉಂಗುರದ ಎರಡು ಹೈಡ್ರೋಜನ್‌ಗಳು ದೂರದಲ್ಲಿ, 7.9ರ ಬಳಿ, ಪುಟ್ಟದಾಗಿ ಏಳುತ್ತವೆ. ತುದಿಯ ಗುರುತನ್ನು 2 ಎಂದು ಇಟ್ಟುಕೊಂಡು ಮೆಥಾಕ್ಸಿಯ ವಿಸ್ತೀರ್ಣವನ್ನು ಅಳೆದರೆ, ಒಂದು ತುದಿಗೆ ಎಷ್ಟು ಘಟಕಗಳಿವೆ ಎಂದು ಎಣಿಸಿದಂತೆಯೇ ಆಗುತ್ತದೆ. ಅವರ ನಕ್ಷೆಯಲ್ಲಿ ಆ ವಿಸ್ತೀರ್ಣ 336 ಇತ್ತು. ಅಂದರೆ 112 ಘಟಕಗಳು, ಅಣುತೂಕ 11,430. ಒಂದೇ ಸೀಸೆಯ ಪುಡಿಗೆ ಒಂದು ಯಂತ್ರ 8,230 ಎನ್ನುತ್ತಿದೆ, ಇನ್ನೊಂದು 11,430 ಎನ್ನುತ್ತಿದೆ. ಇದನ್ನು ನಂಬುವುದಾದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸರಪಣಿಗಳಿಗೆ ತುದಿಯೇ ಇಲ್ಲ ಎನ್ನಬೇಕು; ಅಷ್ಟು ಸರಪಣಿಗಳು ಸತ್ತಿದ್ದರೆ ಹರವು 1.09ರಷ್ಟು ಕಿರಿದಾಗಿರಲು ಹೇಗೆ ಸಾಧ್ಯ? ಎರಡು ವರದಿಗಳನ್ನೂ ಮೇಜಿನ ಮೇಲಿಟ್ಟುಕೊಂಡು ಕುಳಿತಾಗ, ಜಿಪಿಸಿ ವರದಿಯಲ್ಲಿ, ಯಾವ ಉದ್ದದ ಸರಪಣಿ ಎಷ್ಟಿದೆ ಎಂದು ತೋರಿಸುವ ರೇಖೆಯೇ ಇಲ್ಲ ಎಂಬುದು ನನ್ನ ಗಮನಕ್ಕೆ ಬಂತು.

ನನ್ನ ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಮಾಡಿದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲ ಅದು. ಅರಳೆಯ ಮೂಟೆ ಬಂದಾಗ ಅವರು ಒಳಗೆ ಕೈ ಹಾಕಿ ಒಂದು ಚಿಟಿಕೆ ಎಳೆದು, ಎರಡೂ ಹೆಬ್ಬೆರಳುಗಳ ನಡುವೆ ಹಿಂಜಿ ಹಿಂಜಿ ಎಳೆಗಳನ್ನು ಒಂದೇ ದಿಕ್ಕಿಗೆ ಮಾಡಿ, ಕಪ್ಪು ಬಟ್ಟೆಯ ಮೇಲೆ ಹರಡುತ್ತಿದ್ದರು. ಉದ್ದನೆಯ ಎಳೆಗಳು ಒಂದು ಅಂಚಿನವರೆಗೆ ಹೋಗುತ್ತಿದ್ದವು. ಗಿಡ್ಡ ಎಳೆಗಳು ನಡುವೆಯೇ ನಿಂತು ಬಿಳಿಯ ಮಬ್ಬಿನಂತೆ ಕಾಣುತ್ತಿದ್ದವು. “ಎಳೆ ಇಷ್ಟುದ್ದ ಅಂತ ಚೀಟಿ ಬರೆದು ಕಳಿಸ್ತಾರವ್ವ, ಗಿಡ್ಡದು ಎಷ್ಟೈತಿ ಅಂತ ಚೀಟಿಯಾಗೆ ಇರಾಂಗಿಲ್ಲ. ನೂಲು ಹರಿಯೋದು ಅದರಿಂದ್ಲೇ” ಎಂದು ನಾನು ಚಿಕ್ಕವಳಿದ್ದಾಗ ಅವರು ಹೇಳಿದ್ದು ನೆನಪಿದೆ. ಹತ್ತಿಯ ಎಳೆಯೊಳಗಿರುವ ಸೆಲ್ಯುಲೋಸ್ ಕೂಡ ಪಾಲಿಮರೇ. ಅಂಥ ವಸ್ತುಗಳು ಪುಟ್ಟ ಅಣುಗಳ ಗುಂಪಲ್ಲ, ಉದ್ದನೆಯ ಸರಪಣಿಗಳು ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದಾಗ ಬಹಳ ರಸಾಯನಶಾಸ್ತ್ರಜ್ಞರು ಒಪ್ಪಿರಲಿಲ್ಲ, 1953ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. ಅಪ್ಪನ ಕಪ್ಪು ಬಟ್ಟೆಗೂ ನನ್ನ ಜಿಪಿಸಿಗೂ ಕೆಲಸ ಒಂದೇ. ಉದ್ದ ಗಿಡ್ಡಗಳನ್ನು ಬಿಡಿಸಿ ಹರಡಿ ತೋರಿಸುವುದು ಅದರ ಕೆಲಸ. ಸರಾಸರಿ ಆ ಹರವಿನಿಂದ ಆಮೇಲೆ ಲೆಕ್ಕ ಹಾಕಿ ತೆಗೆಯುವ ಅಂಕಿ ಮಾತ್ರ. ನನಗೆ ಬಂದದ್ದು ಚೀಟಿ, ಬಟ್ಟೆ ಬಂದಿರಲಿಲ್ಲ.

ಪರೀಕ್ಷಾಲಯಕ್ಕೆ ಫೋನ್ ಮಾಡಿದೆ. ಮೊದಲು ಎತ್ತಿಕೊಂಡವರು ವರದಿಯ ನಮೂನೆಯೇ ಹೀಗೆ, ರೇಖೆ ಕೊಡುವ ಪದ್ಧತಿ ಇಲ್ಲ ಎಂದರು. ಯಂತ್ರದ ಮುಂದೆ ಕೂರುವವರ ಜೊತೆ ಮಾತನಾಡಬೇಕು ಎಂದು ವಿನಂತಿಸಿದಾಗ ಮರುದಿನ ಮಧ್ಯಾಹ್ನ ಅವರೇ ಕರೆ ಮಾಡಿದರು, ಮತ್ತು ಇಲ್ಲಿಂದ ಮುಂದೆ ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು. ಅವರು ನನ್ನ ಅನುಮಾನವನ್ನು ತಳ್ಳಿಹಾಕದೆ, ಫೋನ್ ಹಿಡಿದುಕೊಂಡೇ ಕಡತ ತೆರೆದು, “ಮೇಡಂ, ಬಲಗಡೆ ಮಿತಿ ಸ್ವಲ್ಪ ಬೇಗ ಹಾಕಿಬಿಟ್ಟಿದೀನಿ. ಬಾಲ ಹೊರಗೆ ಹೋಗಿದೆ” ಎಂದು ನೇರವಾಗಿ ಒಪ್ಪಿಕೊಂಡರು.

ಆ ಮಾತಿನ ಅರ್ಥ ತಿಳಿಯಲು ಜಿಪಿಸಿಯ ಕೆಲಸವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಸೂಕ್ಷ್ಮ ರಂಧ್ರಗಳಿರುವ ಪಾಲಿಸ್ಟೈರೀನ್ ಮಣಿಗಳನ್ನು ತುಂಬಿದ ಕೊಳವೆಯಲ್ಲಿ ದ್ರಾವಕ ಹರಿಯುತ್ತಿರುತ್ತದೆ. ಪಾಲಿಮರ್ ದ್ರಾವಣವನ್ನು ಅದರೊಳಕ್ಕೆ ಬಿಟ್ಟಾಗ ದೊಡ್ಡ ಸರಪಣಿಗಳು ರಂಧ್ರದೊಳಗೆ ಹೋಗಲಾರದೆ ಬೇಗ ಹೊರಬೀಳುತ್ತವೆ, ಗಿಡ್ಡವು ರಂಧ್ರ ರಂಧ್ರವನ್ನೂ ಹೊಕ್ಕು ಹೊರಟು ತಡವಾಗಿ ಬರುತ್ತವೆ. 1964ರಲ್ಲಿ ಡೌ ಕಂಪನಿಯ ಜೆ. ಸಿ. ಮೂರ್ ಪ್ರಕಟಿಸಿದ ಈ ವಿಧಾನ ಇಂದಿಗೂ ಮೂಲದಲ್ಲಿ ಹಾಗೇ ಇದೆ. ತಡವಾಗಿ ಬರುವ ಗಿಡ್ಡ ಸರಪಣಿಗಳ ಬೆನ್ನಿಗೇ ದ್ರಾವಕವಾದ ಟಿಎಚ್‌ಎಫ್‌ನಲ್ಲಿ ಕೆಡದಂತೆ ಸೇರಿಸಿರುವ ಬಿಎಚ್‌ಟಿ ಎಂಬ ಪುಟ್ಟ ಅಣುವಿನ ಶಿಖರವೂ ಬರುತ್ತದೆ. ಅದು ಲೆಕ್ಕದಲ್ಲಿ ಸೇರಬಾರದೆಂದು ಯಂತ್ರದವರು ಬಲಗಡೆ ಒಂದು ಮಿತಿಗೆರೆ ಹಾಕುತ್ತಾರೆ. ಆ ಗೆರೆಯನ್ನು ಅವಸರದಲ್ಲಿ ಎಡಕ್ಕೆ ಸರಿಸಿದರೆ ನಮ್ಮ ಪಾಲಿಮರಿನ ಗಿಡ್ಡ ಸರಪಣಿಗಳೂ ಅದರ ಜೊತೆಗೇ ಕತ್ತರಿಸಿಹೋಗುತ್ತವೆ. ಸಂಖ್ಯಾ ಸರಾಸರಿಗೆ ಗಿಡ್ಡವುಗಳ ಎಣಿಕೆ ಬಹಳ ಮುಖ್ಯ. ಅವು ಹೋದರೆ ಆ ಅಂಕಿ ಮೇಲೇರುತ್ತದೆ. ತೂಕ ಸರಾಸರಿ ಅಷ್ಟಾಗಿ ಅಲುಗುವುದಿಲ್ಲ. ಫಲವಾಗಿ ಎರಡರ ನಡುವಿನ ಅಂತರ ಕಿರಿದಾಗಿ, ಪಾಲಿಮರ್ ಇರುವುದಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಂತು. ಜಿಪಿಸಿ ತಾನಾಗಿ ತೂಕವನ್ನು ಅಳೆಯುವುದಿಲ್ಲ. ತೂಕ ಗೊತ್ತಿರುವ ಪಾಲಿಮರ್‌ಗಳು ಎಷ್ಟು ನಿಮಿಷಕ್ಕೆ ಹೊರಬರುತ್ತವೆ ಎಂದು ಮೊದಲು ನೋಡಿಟ್ಟುಕೊಂಡು, ಅದರ ಆಧಾರದ ಮೇಲೆ ನಮ್ಮದನ್ನು ಅಂದಾಜು ಮಾಡುತ್ತದೆ. ನನ್ನ ಪಿಎಂಎಂಎಯನ್ನು ಅವರು ಪಾಲಿಸ್ಟೈರೀನ್ ಮಾನಕಗಳಿಗೆ ಹೋಲಿಸಿದ್ದರು, ಹಾಗೆಂದು ವರದಿಯಲ್ಲಿ ಬರೆದಿರಲಿಲ್ಲ. ಒಂದೇ ತೂಕದ ಎರಡು ಬೇರೆ ಪಾಲಿಮರ್‌ಗಳು ದ್ರಾವಣದಲ್ಲಿ ಒಂದೇ ಗಾತ್ರಕ್ಕೆ ಹಿಗ್ಗುವುದಿಲ್ಲವಾದ್ದರಿಂದ ಈ ಹೋಲಿಕೆ ವ್ಯತ್ಯಾಸ ತರುತ್ತದೆ. ಟಿಎಚ್‌ಎಫ್‌ನಲ್ಲಿ ಪಿಎಂಎಂಎಯ ಮಟ್ಟಿಗೆ ನೂರಕ್ಕೆ ಹತ್ತರ ಆಸುಪಾಸು ಕಡಿಮೆ ತೋರಿಸುತ್ತದೆ. ಈಗ ಎರಡನ್ನೂ ಒಟ್ಟಿಗೆ ನೋಡಿ. ಬಾಲ ಕತ್ತರಿಸಿದ್ದು ಸಂಖ್ಯಾ ಸರಾಸರಿಯನ್ನು ಮೇಲೆತ್ತಿತ್ತು, ತಪ್ಪು ಮಾನಕ ಅದನ್ನು ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿಸಿತ್ತು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು, ನನ್ನ ಲೆಕ್ಕಕ್ಕೆ ಹೊಂದುವ ಉತ್ತರವಾಗಿ ಬಂದು ಕುಳಿತಿದ್ದವು. ಪಿಎಂಎಂಎ ಮಾನಕಗಳನ್ನಿಟ್ಟು, ಬಾಲವನ್ನು ಪೂರ್ತಿ ಒಳಗೆ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದಾಗ ಸಂಖ್ಯಾ ಸರಾಸರಿ 8,300, ತೂಕ ಸರಾಸರಿ 9,880 ಬಂತು. ಡಿಸ್ಪರ್ಸಿಟಿ 1.19. ಮೊದಲನೇ ಅಂಕಿ ಹೆಚ್ಚು ಕದಲಲೇ ಇಲ್ಲ. ಕದಲಿದ್ದು ಮೂರನೆಯದು, ಮತ್ತು ನನ್ನ ಕೆಲಸವೆಲ್ಲ ನಿಂತಿರುವುದು ಆ ಮೂರನೆಯದರ ಮೇಲೆ. 1.19 ಕೆಟ್ಟ ಅಂಕಿಯೇನಲ್ಲ, ರಾಫ್ಟ್ ವಿಧಾನಕ್ಕೆ ಅದು ಒಪ್ಪುವಂಥದ್ದೇ. ಆದರೆ 1.09 ಎಂದು ಮುದ್ರಿಸಿಬಿಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು, ಮತ್ತು ಆ ಸುಳ್ಳಿಗೆ ಹೆಸರು ನನ್ನದಿರುತ್ತಿತ್ತು.

ಸ್ಟೈರೀನ್ ಮಾದರಿಯ ರೇಖೆ ಇನ್ನೂ ಹೆಚ್ಚಿನದನ್ನು ಹೇಳಿತು. ಮುಖ್ಯ ಶಿಖರ 12,000ದ ಬಳಿ ಇತ್ತು. ಅದರ ಎಡಭುಜದ ಮೇಲೆ, ಸರಿಯಾಗಿ ಇಮ್ಮಡಿ ತೂಕದಲ್ಲಿ, 24,000ದ ಬಳಿ ಒಂದು ಸಣ್ಣ ಉಬ್ಬು. ಸ್ಟೈರೀನಿನ ಬೆಳೆಯುವ ತುದಿಗಳು ಎದುರುಬದುರಾದಾಗ ಹೆಚ್ಚಾಗಿ ಒಂದಕ್ಕೊಂದು ಕೂಡಿಕೊಂಡೇ ಸಾಯುತ್ತವೆ, ಹಾಗಾಗಿ ಸತ್ತ ಸರಪಣಿಯ ತೂಕ ಎರಡರಷ್ಟಾಗುತ್ತದೆ. ಮೆಥಾಕ್ರಿಲೇಟಿನಲ್ಲಿ ಹೆಚ್ಚಿನ ಸಾವು ಒಂದರ ಹೈಡ್ರೋಜನ್ ಇನ್ನೊಂದಕ್ಕೆ ಹೋಗುವುದರಿಂದ ಆಗುವುದರಿಂದ ಅಲ್ಲಿ ಈ ಉಬ್ಬು ಇಷ್ಟು ಸ್ಪಷ್ಟವಾಗಿ ಏಳುವುದಿಲ್ಲ. ಆ ಒಂದು ಉಬ್ಬು ನೋಡಿದ ಕೂಡಲೇ ನಾನು ಕ್ರಿಯೆಯನ್ನು ಬಹಳ ಹೊತ್ತು ಓಡಿಸಿದ್ದೇನೆ, ಮೊನೊಮರ್ ಕರಗುತ್ತಾ ಬಂದಂತೆ ತುದಿಗಳು ತುದಿಗಳನ್ನೇ ಹುಡುಕಿಕೊಂಡಿವೆ ಎಂಬುದು ತಿಳಿಯಿತು. ಎರಡನೇ ಸಲ ಕಳುಹಿಸಿದ ಮೂರು ಮಾದರಿಗಳು ಅದೇ ಸ್ಟೈರೀನ್ ಕ್ರಿಯೆಯನ್ನು ಬೇರೆ ಬೇರೆ ಹೊತ್ತಿಗೆ ನಿಲ್ಲಿಸಿದವು. ಅವುಗಳಲ್ಲಿ ಬೇಗ ನಿಲ್ಲಿಸಿದ್ದರಲ್ಲಿ ಉಬ್ಬು ಕಾಣಲೇ ಇಲ್ಲ. ಮೊದಲ ವರದಿಯ ಮೂರು ಅಂಕಿಗಳನ್ನು ವರ್ಷವಿಡೀ ದಿಟ್ಟಿಸಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ಎನ್‌ಎಂಆರ್‌ನ 11,430ರ ಒಗಟೂ ಅದೇ ಫೋನಿನಲ್ಲಿ ಬಿಡಿಸಿಕೊಂಡಿತು. ಯಂತ್ರ ಒಂದು ಸಲ ಸ್ಪಂದನ ಕಳುಹಿಸಿ ಉತ್ತರ ಕೇಳಿದ ಮೇಲೆ, ಮುಂದಿನ ಸ್ಪಂದನಕ್ಕೆ ಮುಂಚೆ ಹೈಡ್ರೋಜನ್‌ಗಳು ತಮ್ಮ ಮೊದಲಿನ ಸ್ಥಿತಿಗೆ ಮರಳಲು ಸಮಯ ಕೊಡಬೇಕು. ಸರಪಣಿಯ ಮೈಯಲ್ಲಿರುವವು ಬೇಗ ಮರಳುತ್ತವೆ, ತುದಿಯ ಬೆಂಜೀನ್ ಉಂಗುರದವು ನಿಧಾನ. ಅವರು ಸಾಮಾನ್ಯ ಸಾವಯವ ಮಾದರಿಗಳಿಗೆ ಇಡುವ ಹಾಗೆ 1 ಸೆಕೆಂಡ್ ಬಿಡುವು, 16 ಸ್ಕ್ಯಾನ್ ಇಟ್ಟಿದ್ದರು. ತುದಿಯ ಹೈಡ್ರೋಜನ್‌ಗಳು ಅರೆಬರೆ ಚೇತರಿಸಿಕೊಂಡಾಗಲೇ ಮುಂದಿನ ಸ್ಪಂದನ ಬಂದು, ಅವುಗಳ ದನಿ ಕುಗ್ಗಿ ಕೇಳಿಸಿತ್ತು. ತುದಿ ಕಡಿಮೆ ಕಂಡರೆ ಸರಪಣಿ ಉದ್ದವಾಗಿ ಕಾಣುತ್ತದೆ. ನನ್ನ ಕೋರಿಕೆಯಂತೆ 10 ಸೆಕೆಂಡ್ ಬಿಡುವು, 128 ಸ್ಕ್ಯಾನ್ ಇಟ್ಟು ಮತ್ತೆ ಓಡಿಸಿದಾಗ ಮೆಥಾಕ್ಸಿಯ ವಿಸ್ತೀರ್ಣ 258ಕ್ಕೆ ಇಳಿಯಿತು. ಅಂದರೆ 86 ಘಟಕಗಳು, ಅಣುತೂಕ 8,830. ಜಿಪಿಸಿಯ 8,300ಕ್ಕೆ ಇದನ್ನು ಹೋಲಿಸಿದರೆ ನೂರರಲ್ಲಿ ಸುಮಾರು 94 ಸರಪಣಿಗಳಿಗೆ ಗುಲಾಬಿ ತುದಿ ಇನ್ನೂ ಇದೆ ಎಂದು ಲೆಕ್ಕ ಸಿಗುತ್ತದೆ. ಜಿಪಿಸಿಯ ಮರುಲೆಕ್ಕಕ್ಕೆ ಅವರು ಹಣ ಕೇಳಲಿಲ್ಲ, ಎನ್‌ಎಂಆರ್ ಮತ್ತೆ ಓಡಿಸಿದ್ದಕ್ಕೆ ಅರ್ಧ ದರ ತೆಗೆದುಕೊಂಡರು. ಬಿಡುವಿನ ಸಮಯವನ್ನು ನಾನೇ ಮೊದಲು ಫಾರ್ಮಿನಲ್ಲಿ ಬರೆದಿರಬೇಕಿತ್ತು. ಆದ್ದರಿಂದ ಆ ಅರ್ಧ ದರ ನ್ಯಾಯವೆಂದೇ ನನ್ನ ಭಾವನೆ.

ಅದೇ ವರದಿಯಲ್ಲಿ ‘ಸಿಂಡಿಯೊಟ್ಯಾಕ್ಟಿಕ್ ಪಿಎಂಎಂಎ’ (ಘಟಕಗಳೆಲ್ಲ ಒಂದು ಬಿಟ್ಟು ಒಂದು ಎದುರು ಬದಿಗೆ ಮುಖ ಮಾಡಿರುವುದು) ಎಂದು ಬರೆದಿದ್ದನ್ನೂ ತಿದ್ದಿಸಬೇಕಾಯಿತು. ಪಕ್ಕಪಕ್ಕದ ಘಟಕಗಳು ಯಾವ ಕಡೆಗೆ ಮುಖ ಮಾಡಿವೆ ಎಂಬುದು 0.8ರಿಂದ 1.2 ಪಿಪಿಎಂ ನಡುವಿನ ಮೀಥೈಲ್ ಗುರುತುಗಳಲ್ಲಿ ಮೂರು ಗುಂಪಾಗಿ ಕಾಣುತ್ತದೆ. ನನ್ನ ಮಾದರಿಯಲ್ಲಿ ನೂರಕ್ಕೆ ಅರವತ್ತರಷ್ಟು ಸಿಂಡಿಯೊ ಜೋಡಣೆ, ಉಳಿದದ್ದರಲ್ಲಿ ಹೆಚ್ಚಿನದು ಮಿಶ್ರ ಜೋಡಣೆ ಇತ್ತು. ಇದು ಸಾಮಾನ್ಯ ರ‍್ಯಾಡಿಕಲ್ ವಿಧಾನದ ಪಿಎಂಎಂಎಯಲ್ಲೂ ಹೀಗೇ ಇರುತ್ತದೆ. ರಾಫ್ಟ್ ಉದ್ದವನ್ನು ಹಿಡಿತದಲ್ಲಿಡುತ್ತದೆ, ಮುಖದ ದಿಕ್ಕನ್ನು ಮುಟ್ಟುವುದಿಲ್ಲ. ದಿಕ್ಕನ್ನು ಆಳುವ ವೇಗವರ್ಧಕಗಳ ಕಥೆಯೇ ಬೇರೆ, ಝೀಗ್ಲರ್ ಮತ್ತು ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸ ಅದು. ಪದವನ್ನು ತೆಗೆದು ಶೇಕಡಾವಾರು ಅಂಕಿಗಳನ್ನು ಬರೆದು ಕೊಡಿ ಎಂದೆ. ಎರಡು ದಿನದಲ್ಲಿ ಕೊಟ್ಟರು.

ಮಾದರಿಯನ್ನು ಕಾಯಿಸುತ್ತಾ ಅದರ ಉಷ್ಣ ಗುಣ ಅಳೆಯುವ ಡಿಎಸ್‌ಸಿ ಬಗ್ಗೆ ದೂರಿಲ್ಲ. ಕೇಳದೆಯೇ ಎರಡು ಸಲ ಕಾಯಿಸಿದ ರೇಖೆಗಳನ್ನೂ ಕೊಟ್ಟಿದ್ದರು. ಮೊದಲ ಸಲ ಉಳಿದಿದ್ದ ದ್ರಾವಕದ ದೆಸೆಯಿಂದ ಗಾಜಿನ ಸ್ಥಿತಿಯಿಂದ ಮೆತ್ತಗಾಗುವ ತಾಪ ಕೆಳಗೆ ಮಸುಕಾಗಿ ಕಂಡಿತು, ಎರಡನೇ ಸಲ 104 ಡಿಗ್ರಿಯಲ್ಲಿ ಸ್ಪಷ್ಟವಾಗಿ ನಿಂತಿತು. ಬಿಡಿ ಸರಪಣಿಗಳ ತೂಕವನ್ನೇ ಅಳೆಯುವ ಮಾಲ್ಡಿ ಬೇಕೆಂದು ಕೇಳಿದಾಗ, ತಮ್ಮಲ್ಲಿ ಆ ಯಂತ್ರವಿಲ್ಲ, ಬೇರೆಡೆ ಮಾಡಿಸಿ ತಮ್ಮ ಹೆಸರಿನಲ್ಲಿ ಕೊಡುವುದಿಲ್ಲ ಎಂದು ಹೇಳಿದರು. ಅದೂ ನನಗೆ ಹಿಡಿಸಿತು.

ಬೆಂಗಳೂರಿಗೆ ಸ್ವತಃ ಹೋಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಕೇಂದ್ರದಂಥ ಕಡೆ ಸರತಿ ಹಿಡಿದು ಮಾಡಿಸುವ ದಾರಿಯೂ ಇದೆ. ಬಿಡುವಿದ್ದವರು ಹಾಗೆ ಮಾಡುವುದು ಒಳ್ಳೆಯದು. ವಾರಕ್ಕೆ ಹದಿನಾರು ತರಗತಿಗಳಿರುವವರಿಗೆ ಎರಡು ದಿನದ ರಜೆ ಹೊಂದಿಸುವುದೇ ಕಷ್ಟ; ನನಗೆ ಈ ಸೇವೆ ಉಳಿಸಿದ್ದು ಮುಖ್ಯವಾಗಿ ಆ ದಿನಗಳನ್ನು. ದರದಲ್ಲಿ ಜಿಪಿಸಿ ಭಾರ, ಒಂದು ಮಾದರಿಗೆ ಎನ್‌ಎಂಆರ್‌ನ ಸುಮಾರು ಮೂರು ಪಟ್ಟು ಬೀಳುತ್ತದೆ. ಹೀಗಾಗಿ ಮಾದರಿಗಳನ್ನು ಕೂಡಿಟ್ಟು ಕಳುಹಿಸುವುದಕ್ಕಿಂತ, ನಿಜವಾಗಿ ಪ್ರಶ್ನೆಯಿರುವ ಮಾದರಿಯನ್ನಷ್ಟೇ ಕಳುಹಿಸುವುದನ್ನು ರೂಢಿಸಿಕೊಂಡಿದ್ದೇನೆ. ಹನ್ನೊಂದು ದಿನದ ಕಾಯುವಿಕೆ ಎರಡನೇ ಸಲ ಒಂಬತ್ತಕ್ಕೆ ಇಳಿಯಿತು.

ಈಗ ಫಾರ್ಮಿನ ‘ವಿಶೇಷ ಸೂಚನೆ’ ಎಂಬ ಖಾಲಿ ಜಾಗದಲ್ಲಿ ನಾನು ಪ್ರತಿ ಸಲವೂ ಇಷ್ಟನ್ನು ಬರೆಯುತ್ತೇನೆ: ಪೂರ್ತಿ ರೇಖೆಯ ಚಿತ್ರ ಮತ್ತು ಅದರ ಮೂಲ ದತ್ತಾಂಶದ ಕಡತ ಬೇಕು; ತಳರೇಖೆ ಹಾಗೂ ಎರಡೂ ಮಿತಿಗೆರೆಗಳು ಚಿತ್ರದಲ್ಲಿ ಕಾಣಬೇಕು; ಯಾವ ಪಾಲಿಮರಿನ ಮಾನಕ, ಯಾವ ದ್ರಾವಕ, ಯಾವ ತಾಪ ಎಂದು ಬರೆದಿರಬೇಕು; ಎನ್‌ಎಂಆರ್‌ಗೆ ಬಿಡುವು 10 ಸೆಕೆಂಡಿಗೆ ಕಡಿಮೆಯಿರಬಾರದು. ಇದನ್ನು ಬರೆದು ಕೊಟ್ಟ ಮೇಲೆ ಒಮ್ಮೆಯೂ ಒಂದು ಪುಟದ ವರದಿ ಬಂದಿಲ್ಲ. ಅವರಲ್ಲಿ ಯಂತ್ರವೂ ಒಳ್ಳೆಯದಿದೆ, ಯಂತ್ರದ ಮುಂದೆ ಕೂರುವವರಿಗೆ ವಿದ್ಯೆಯೂ ಇದೆ, ತಪ್ಪಾದಾಗ ಒಪ್ಪಿಕೊಳ್ಳುವ ದೊಡ್ಡ ಮನಸ್ಸೂ ಇದೆ. ಆದರೆ ಕೇಳದವರಿಗೆ ರೇಖೆ ಕೊಡದಿರುವ ಆ ವರದಿಯ ನಮೂನೆಯನ್ನು ಅವರು ಬದಲಾಯಿಸಲೇಬೇಕು. ಮೊದಲ ಸಲ ಕಳುಹಿಸುವ ಒಬ್ಬ ವಿದ್ಯಾರ್ಥಿಗೆ ಏನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ.

ಮೂರನೇ ಸಲ ಕಳುಹಿಸಿದ್ದು ಎರಡು ಬಗೆಯ ತುಂಡುಗಳು ಒಂದೇ ಸರಪಣಿಯಲ್ಲಿ ಕೂಡಿರುವ ಪಾಲಿಮರಿನ ಎರಡು ಮಾದರಿಗಳು: ಅದೇ ಗುಲಾಬಿ ಪಿಎಂಎಂಎಯ ತುದಿಯಿಂದ ಸ್ಟೈರೀನನ್ನು ಮುಂದುವರಿಸಿ ಬೆಳೆಸಿದ್ದು. ಈ ಬಾರಿ ಅವರಾಗಿಯೇ ಎರಡು ಪತ್ತೆಕಾರಕಗಳ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ಕಳುಹಿಸಿದ್ದರು. ಒಂದು ಎಲ್ಲ ಪಾಲಿಮರನ್ನೂ ಕಾಣುತ್ತದೆ. ನೇರಳಾತೀತ ಬೆಳಕಿನದು ಸ್ಟೈರೀನ್ ಇರುವ ಅಥವಾ ಗುಲಾಬಿ ತುದಿ ಉಳಿದಿರುವ ಸರಪಣಿಗಳನ್ನು ಮಾತ್ರ ಚೆನ್ನಾಗಿ ಕಾಣುತ್ತದೆ. ದೊಡ್ಡ ಶಿಖರ ಎರಡರಲ್ಲೂ ಎಡಕ್ಕೆ ಸರಿದಿತ್ತು, ಸರಪಣಿ ಬೆಳೆದಿದೆ. ಹಳೆಯ 8,300ರ ಜಾಗದಲ್ಲಿ ಒಂದು ಚಿಕ್ಕ ದಿಬ್ಬ ಉಳಿದಿತ್ತು, ಅದು ಮೊದಲ ರೇಖೆಯಲ್ಲಿದೆ, ನೇರಳಾತೀತದ್ದರಲ್ಲಿ ಇಲ್ಲ. ಎಂದರೆ ಅವು ತುದಿಯಿಲ್ಲದೆ ಬೆಳೆಯಲಾರದೆ ಹೋದ ಸರಪಣಿಗಳು. ಎನ್‌ಎಂಆರ್ ಲೆಕ್ಕದಲ್ಲಿ ನೂರಕ್ಕೆ ಆರು ಎಂದು ಕಂಡಿದ್ದವು ಇವೇ ಇರಬೇಕು. ಆ ದಿಬ್ಬವನ್ನು ಕಡಿಮೆ ಮಾಡಲು ಎಐಬಿಎನ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಹೊಸ ಪಿಎಂಎಂಎ ಮಾಡಿದ್ದೇನೆ. ಸೀಸೆಗೆ ಕಾಗದ ಸುತ್ತಿ, ಫಾರ್ಮ್ ತುಂಬಿ ಇಟ್ಟಿದ್ದೇನೆ. ಬರುವ ಗುರುವಾರ ಆ ಹುಡುಗ ಬಂದಾಗ ಕೊಡುವುದಿದೆ.